ಗಶಪೊನ್
ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗೋಲದೊಳಗಿಟ್ಟ ಪುಟ್ಟ ಗೊಂಬೆಯನ್ನು ಉದುರಿಸುವ ಜಪಾನಿನ ಯಂತ್ರ. ಗೊಂಬೆಗೂ ಇದೇ ಹೆಸರು. ಹಿಡಿ ತಿರುಗುವ ಸದ್ದು ‘ಗಶ’, ಗೋಲ ಬೀಳುವ ಸದ್ದು ‘ಪೊನ್’. ಕನ್ನಡದ ‘ಟಪ್’, ‘ಧೊಪ್’ಗಳಂತೆ ಇವೂ ಅನುಕರಣ ಶಬ್ದಗಳೇ. ಯಂತ್ರದ ಮೂಲ ಅಮೆರಿಕ. ಜಪಾನಿಗೆ ಬಂದದ್ದು 1965ರಲ್ಲಿ. ಬಂದಾಯ್ ಕಂಪನಿ 1977ರಲ್ಲಿ ಈ ವ್ಯಾಪಾರಕ್ಕಿಳಿಯಿತು.

ಗಶಪೊನ್‌ನ ಪ್ರಾಣಿಗೊಂಬೆಗಳಲ್ಲಿ ಸೊಗಸಿಗಿಂತ ಚೇಷ್ಟೆಗೇ ಬೆಲೆ. ಟಕಾರಾ ಟೊಮಿ ಆರ್ಟ್ಸ್ ಕಂಪನಿಯ ‘ಶಾಕುರೆರು ಪ್ಲಾನೆಟ್’ ಸರಣಿಯಲ್ಲಿ ಪ್ರತಿ ಪ್ರಾಣಿಗೂ ಗದ್ದ ಮುಂದಕ್ಕೆ ಚಾಚಿದೆ. ಅಷ್ಟೇ ಅದರ ತಮಾಷೆ, ಅಷ್ಟೇ ಸಾಕು ಕೂಡ. ಸರಣಿಯ ಯಾವ ಗೊಂಬೆ ಬೀಳುವುದೆಂದು ಮೊದಲೇ ತಿಳಿಯದು. ಬೇಕಾದ್ದು ಸಿಗುವಷ್ಟರಲ್ಲಿ ಬೇಡದವು ಎರಡೆರಡು ಕೈಸೇರುತ್ತವೆ, ಅಗ್ಗದ ಆಟಿಕೆ ದುಬಾರಿಯಾಗುವುದು ಹೀಗೆ. ಟೋಕಿಯೊದ ಇಕೆಬುಕುರೊದಲ್ಲಿ 2021ರಲ್ಲಿ ತೆರೆದ ಮಳಿಗೆಯೊಂದರಲ್ಲಿ ಇಂಥ ಸುಮಾರು 3,000 ಯಂತ್ರಗಳಿವೆ.