ನೀರಾವರಿ ಸೋಯಾ ಅವರೆಯಲ್ಲಿ ಸಾಲಿನ ಅಂತರ: ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ರೈತರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಯು ಉತ್ತರ ಒಣ ವಲಯಕ್ಕೆ ಸೇರಿದ್ದು, ವಾರ್ಷಿಕ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ. ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲೂಕುಗಳಲ್ಲಿ ಜೋಳ, ಕಡಲೆ, ತೊಗರಿ, ಹೆಸರು ಮತ್ತು ಸೂರ್ಯಕಾಂತಿಯೇ ರೂಢಿಯ ಬೆಳೆಗಳು. ಸೋಯಾ ಅವರೆ ಇಲ್ಲಿಗೆ ಹಳೆಯದಲ್ಲ. ಮಲಪ್ರಭಾ ಕಾಲುವೆ, ಕೊಳವೆಬಾವಿ ಹಾಗೂ ಹುನಗುಂದ ಭಾಗದ ಸುಮಾರು 24,000 ಹೆಕ್ಟೇರ್ ವ್ಯಾಪ್ತಿಯ ರಾಮಥಾಳ (ಮರೋಳ) ಹನಿ ನೀರಾವರಿ ಯೋಜನೆಯ ನೀರು ದೊರೆಯುವಲ್ಲಿ ಇದನ್ನು ಬೆಳೆಯಲು ಅವಕಾಶವಿದೆ. ಆದರೆ ನೀರು ಬಂದ ಹೊಲದಲ್ಲಿಯೂ ಬಿತ್ತನೆ ಮಾತ್ರ ಜೋಳದ ಕೂರಿಗೆಯಿಂದಲೇ ನಡೆದರೆ ಇಳುವರಿ ಅಲ್ಲಿಯೇ ಸೋರಿಹೋಗುತ್ತದೆ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸುಧಾರಿತ ಬೇಸಾಯ ಕ್ರಮದಂತೆ ಸೋಯಾ ಅವರೆಯನ್ನು ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರದಲ್ಲಿ, ಎಕರೆಗೆ 25 ಕಿ.ಗ್ರಾಂ. ಬೀಜ ಬಳಸಿ ಬಿತ್ತಬೇಕು. ಈ ಅಂತರದಲ್ಲಿ ಎಕರೆಗೆ ಸುಮಾರು 1.35 ಲಕ್ಷ ಗಿಡಗಳು ನಿಲ್ಲುತ್ತವೆ. ನೂರು ಬೀಜದ ತೂಕ 12 ಗ್ರಾಂ ಇದ್ದರೆ 25 ಕಿ.ಗ್ರಾಂ.ನಲ್ಲಿ ಸುಮಾರು 2.08 ಲಕ್ಷ ಬೀಜಗಳಿರುತ್ತವೆ, ಶೇ. 70ರಷ್ಟು ಮೊಳೆತರೆ 1.46 ಲಕ್ಷ ಸಸಿ. ಕೀಟ, ಕುಂಟೆಯ ಪೆಟ್ಟಿಗೆ ಹೋದದ್ದನ್ನು ಕಳೆದರೆ ಲೆಕ್ಕ ಸರಿಯಾಗುತ್ತದೆ. ಸೋಯಾ ಬೀಜ ಸಂಗ್ರಹದಲ್ಲಿ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುವುದರಿಂದ ಬಿತ್ತುವ ಮುನ್ನ ಗೋಣಿತಾಟಿನಲ್ಲಿ ನೂರು ಬೀಜ ಕಟ್ಟಿ ಮೊಳಕೆ ನೋಡುವುದು ಅಗತ್ಯ. ಮೊಳಕೆ ಶೇ. 70ಕ್ಕಿಂತ ಕಡಿಮೆಯಾದರೆ ಅದೇ ಪ್ರಮಾಣದಲ್ಲಿ ಬೀಜ ಹೆಚ್ಚಿಸಬೇಕು.

ಇಷ್ಟೇ ಬೀಜವನ್ನು 45 ಸೆಂ.ಮೀ. ತಾಳಿನ ಕೂರಿಗೆಯಿಂದ ಬಿತ್ತಿದಾಗ ಎಕರೆಯಲ್ಲಿನ ಒಟ್ಟು ಸಾಲಿನ ಉದ್ದ ಸುಮಾರು 13,500 ಮೀಟರಿನಿಂದ 9,000 ಮೀಟರಿಗೆ ಇಳಿಯುತ್ತದೆ. ಒಂದು ಮೀಟರ್ ಸಾಲಿನಲ್ಲಿ 10 ಗಿಡ ಇರಬೇಕಾದಲ್ಲಿ 15 ಗಿಡ ಒತ್ತೊತ್ತಾಗಿ ನಿಲ್ಲುತ್ತವೆ. ಗಿಡದ ಸಂಖ್ಯೆ ಒಂದೇ ಆದರೂ ಫಲ ಒಂದೇ ಅಲ್ಲ. ಒಂದೇ ಸಾಲಿನ ಗಿಡಗಳು ಪರಸ್ಪರ ಪೈಪೋಟಿಗೆ ಬಿದ್ದು ಕಾಂಡ ತೆಳುವಾಗಿ ಎತ್ತರಕ್ಕೆ ಹೋಗುತ್ತದೆ, ಕವಲು ಒಡೆಯುವುದಿಲ್ಲ. ಎರಡು ಸಾಲುಗಳ ನಡುವಿನ ನೆಲವೋ ಬಹುದಿನ ಬಿಸಿಲಿಗೆ ತೆರೆದಿರುತ್ತದೆ. ಹೂ ಬಿಡುವ ವೇಳೆಗೆ ಎಲೆಗಳು ಸಾಲಿನ ನಡುವಿನ ನೆಲವನ್ನು ಮುಚ್ಚಬೇಕು ಎಂಬುದು ಸೋಯಾ ಬೆಳೆಯ ಮುಖ್ಯ ಅಳತೆಗೋಲು. ಮುಚ್ಚದಿದ್ದರೆ ನೆಲಕ್ಕೆ ಬಿದ್ದ ಬಿಸಿಲು ಬೆಳೆಗೆ ದಕ್ಕುವುದಿಲ್ಲ. ಹಣ ಕೊಟ್ಟು ಹಾಯಿಸಿದ ನೀರು ಆವಿಯಾಗುತ್ತದೆ, ಎರೆ ನೆಲ ಬೇಗ ಬಿರಿಯುತ್ತದೆ, ಕಳೆ ಎರಡನೆಯ ಬಾರಿ ಏಳುತ್ತದೆ.

ಹಾಗೆಂದು 45 ಸೆಂ.ಮೀ. ಅಂತರವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಫಲವತ್ತಾದ ಆಳವಾದ ಎರೆ ಭೂಮಿಯಲ್ಲಿ, ಜೂನ್‌ನಲ್ಲಿಯೇ ಬಿತ್ತನೆಯಾಗಿ, ನೀರು ಧಾರಾಳವಾಗಿದ್ದರೆ ಗಿಡಗಳು ದಟ್ಟವಾಗಿ ಬೆಳೆದು ನೆಲಕ್ಕೊರಗುವುದುಂಟು. ಕಳೆನಾಶಕ ಬಳಸದೆ ಎತ್ತಿನ ಎಡೆಕುಂಟೆಯನ್ನೇ ನಂಬಿದವರಿಗೂ ಅಗಲ ಸಾಲು ಅನುಕೂಲ. ಅಂಥಲ್ಲಿ 45 ಸೆಂ.ಮೀ. ಸಾಲು ಸಾಧ್ಯ, ಆದರೆ ಮೀಟರಿಗೆ 12ರಿಂದ 15 ಗಿಡ ಸಮವಾಗಿ ಹಂಚಿ ನಿಂತಿರಬೇಕು. 60 ಸೆಂ.ಮೀ. ಅಂತರ ಮಾತ್ರ 90-95 ದಿನಗಳ ತಳಿಗಳಿಗೆ ಹೊಂದುವುದಿಲ್ಲ. ಅಗಲ ಸಾಲಿನ ಗಿಡ ಕವಲೊಡೆದು ತುಂಬಿಕೊಂಡಂತೆ ಕಂಡರೂ ಕೆಳಗಿನ ಕಾಯಿಗಳು ನೆಲಕ್ಕೆ ತೀರ ಹತ್ತಿರ ಕಟ್ಟಿ, ಕೊಯ್ಲಿನಲ್ಲಿ ಹೊಲದಲ್ಲಿಯೇ ಉಳಿಯುತ್ತವೆ. ಕಟಾವು ಯಂತ್ರ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಿತ್ತನೆ ಜುಲೈ ಮಧ್ಯದ ನಂತರಕ್ಕೆ ಹೋದಲ್ಲಿ ಪ್ರಶ್ನೆಯೇ ಇಲ್ಲ, 30 ಸೆಂ.ಮೀ. ಸಾಲನ್ನೇ ಅನುಸರಿಸಬೇಕು. ಸೋಯಾ ಹಗಲಿನ ಅವಧಿ ಕಡಿಮೆಯಾದಂತೆ ಬೇಗ ಹೂ ಬಿಡುವ ಬೆಳೆ. ತಡವಾದ ಗಿಡ ಗಿಡ್ಡಾಗಿಯೇ ಉಳಿದು ಅಗಲ ಸಾಲನ್ನು ಎಂದೂ ಮುಚ್ಚಲಾರದು. ಬೀಜೋತ್ಪಾದನೆಗಾಗಿ ಜನವರಿಯಲ್ಲಿ ನೀರಾವರಿಯಲ್ಲಿ ಬಿತ್ತುವ ಬೆಳೆಗೂ ಇದೇ ಮಾತು ಅನ್ವಯಿಸುತ್ತದೆ.

ಹನಿ ನೀರಾವರಿ ಹೊಲಗಳಲ್ಲಿ ಸಾಲನ್ನು ಕೂರಿಗೆಯಲ್ಲ, ಪೈಪು ನಿರ್ಧರಿಸುತ್ತದೆ. ಪೈಪಿನಿಂದ ಪೈಪಿಗೆ 120 ಸೆಂ.ಮೀ. ಇದ್ದರೆ ಒಂದು ಪೈಪಿಗೆ 30 ಸೆಂ.ಮೀ. ಅಂತರದ ನಾಲ್ಕು ಸಾಲುಗಳು ಬರುತ್ತವೆ: ಎರಡು ಸಾಲು ಪೈಪಿನಿಂದ 15 ಸೆಂ.ಮೀ. ದೂರದಲ್ಲಿ, ಇನ್ನೆರಡು 45 ಸೆಂ.ಮೀ. ದೂರದಲ್ಲಿ. ಎರೆ ಭೂಮಿಯಲ್ಲಿ ನೀರು ಅಡ್ಡಕ್ಕೆ ಹರಡುವುದರಿಂದ ಹೊರಸಾಲುಗಳಿಗೂ ಹಸಿ ತಲುಪುತ್ತದೆ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿ ಮತ್ತು ಇಳಕಲ್‌ನ ಕೆಂಪುಕಲ್ಲಿನ ಸುತ್ತಲಿನ ಮಸಾರಿ ಭೂಮಿಯಲ್ಲಿ ನೀರು ನೇರವಾಗಿ ಕೆಳಗಿಳಿಯುವುದರಿಂದ ಹೊರಸಾಲು ಹಿಂದೆ ಬೀಳುತ್ತದೆ. ಅಂಥ ನೆಲದಲ್ಲಿ 90 ಸೆಂ.ಮೀ.ಗೆ ಒಂದು ಪೈಪು ಇಟ್ಟು, ಅದರ ಇಕ್ಕೆಲಗಳಲ್ಲಿ 30 ಸೆಂ.ಮೀ. ಅಂತರದ ಜೋಡಿ ಸಾಲು ಬಿತ್ತುವುದು ಮೇಲು. ಜೋಡಿಗಳ ನಡುವೆ ಉಳಿಯುವ 60 ಸೆಂ.ಮೀ.ನಲ್ಲಿ ಎಡೆ ಹೊಡೆಯಬಹುದು, ಔಷಧಿ ಸಿಂಪಡಿಸುವವರು ನಡೆಯಬಹುದು. ಸರಾಸರಿ 45 ಸೆಂ.ಮೀ. ಆಗುವುದರಿಂದ ಗಿಡಗಳನ್ನು ಸ್ವಲ್ಪ ಒತ್ತಾಗಿ ಇಡಬೇಕು.

ಕಾಲುವೆ ನೀರಿನಲ್ಲಿ ತೊಂದರೆ ಬೇರೆ. ಪಾಳಿಯ ನೀರು ಬಂದಾಗ ಹೊಲ ತುಂಬಿಸಿಬಿಡುವ ರೂಢಿ ಸೋಯಾಕ್ಕೆ ಒಗ್ಗದು. ನೀರು ನಿಂತ ಎರೆಯಲ್ಲಿ ಬೇರುಗಂಟುಗಳಿಗೆ ಗಾಳಿ ಸಿಗದೆ ಎಲೆ ಹಳದಿಯಾಗುತ್ತದೆ. ಪ್ರತಿ ಮೂರು ಅಥವಾ ನಾಲ್ಕು ಸಾಲಿಗೊಂದು ಹರಿ ತೆಗೆದರೆ ನೀರು ಹಾಯಿಸಲೂ, ಮಳೆ ಹೆಚ್ಚಾದಾಗ ಹೊರಗೆ ಬಿಡಲೂ ಬರುತ್ತದೆ. ಹೂ ಬಿಡುವ ಮತ್ತು ಕಾಯಿ ತುಂಬುವ ಹಂತಗಳಲ್ಲಿ ಹಸಿ ತಪ್ಪಬಾರದು.

ಕಿರಿದಾದ ಸಾಲಿಗೆ ಒಂದು ದೋಷವಿದೆ. ದಟ್ಟ ಎಲೆಗಳ ಕೆಳಗೆ ತೇವ ಉಳಿಯುವುದರಿಂದ ತುಕ್ಕು ರೋಗಕ್ಕೆ ಅನುಕೂಲ, ಅದು ಕೆಳಗಿನ ಎಲೆಗಳಲ್ಲಿಯೇ ಮೊದಲು ಕಾಣಿಸುತ್ತದೆ. ಸಿಂಪಡಿಸಿದ ಔಷಧಿ ಅಲ್ಲಿಗೆ ಸುಲಭವಾಗಿ ಇಳಿಯದು. ಆದ್ದರಿಂದ ನೀರಾವರಿಯಲ್ಲಿ 30 ಸೆಂ.ಮೀ. ಸಾಲು ಆರಿಸುವವರು ಜೆ.ಎಸ್. 335ರ ಬದಲು ಧಾರವಾಡದಿಂದ ಬಿಡುಗಡೆಯಾದ ತುಕ್ಕು ನಿರೋಧಕ ತಳಿ ಡಿ.ಎಸ್.ಬಿ. 21ನ್ನು ಬಿತ್ತುವುದು ಕ್ಷೇಮ.

ವಿಸ್ತರಣಾ ಕಾರ್ಯಕರ್ತರು ಬಿತ್ತಿದ 15ನೆಯ ದಿನ ಹೊಲದ ಐದು ಕಡೆ ಒಂದೊಂದು ಮೀಟರ್ ಸಾಲಿನ ಸಸಿಗಳನ್ನು ಎಣಿಸಿ ನೋಡಬೇಕು. 30 ಸೆಂ.ಮೀ. ಸಾಲಿನಲ್ಲಿ ಸರಾಸರಿ 7ಕ್ಕಿಂತ ಕಡಿಮೆ ಇದ್ದರೆ ಖಾಲಿ ಜಾಗಗಳಿಗೆ ಕೂಡಲೇ ಬೀಜ ಊರಬೇಕು. 14 ದಾಟಿದ್ದರೆ ದುರ್ಬಲ ಸಸಿಗಳನ್ನು ಕಿತ್ತು ತೆಳುಗೊಳಿಸಬೇಕು. ಮೂರು ವಾರ ಕಳೆದ ಮೇಲೆ ಊರಿದ ಬೀಜದ ಗಿಡಗಳು ಉಳಿದವುಗಳ ನೆರಳಿನಲ್ಲಿ ಸೊರಗುತ್ತವೆ, ಕೊಯ್ಲಿನ ಹೊತ್ತಿಗೆ ಹಸಿಯಾಗಿಯೇ ಇರುತ್ತವೆ.