ತೇರು ಊರಿನದು, ಲೆಕ್ಕ ಸರ್ಕಾರದ್ದು

ಬೆಂಗಳೂರಿನ ಅಂಚಿನ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಲೇತ್ ಹಿಡಿದು ಬದುಕಿದವನು ನಾನು. ಹತ್ತಿರದ ಹುಸ್ಕೂರಿನ ದೇವತೆ ಮದ್ದೂರಮ್ಮನ ಜಾತ್ರೆ ಬಂತೆಂದರೆ ನಮ್ಮ ಶಿಫ್ಟು ಅರ್ಧ ಖಾಲಿ. ಸುತ್ತಲ ಹಳ್ಳಿಗಳು ನೂರಡಿ ಮೀರಿದ ತೇರು ಕಟ್ಟಿ ಎತ್ತು, ಟ್ರ್ಯಾಕ್ಟರ್, ಈಚೆಗೆ ಜೆಸಿಬಿ ಹೂಡಿಯೂ ಎಳೆತರುತ್ತವೆ.

ತೇರು ಊರಿನದಾದರೂ ಗುಡಿಯ ಲೆಕ್ಕ ಸರ್ಕಾರದ್ದು; ಈ ಸೀಮೆಯಲ್ಲಿ ದೇವರಿಗೂ ದೊರೆಗೂ ನಂಟು ಹಳೆಯದು. ಮೈಸೂರು ಅರಸರು ಗುಡಿಗಳಿಗೆ ಇನಾಂ ಜಮೀನು ಬಿಟ್ಟರು, ಮುಜರಾಯಿ ಇಲಾಖೆ ಲೆಕ್ಕ ನೋಡಿತು. 1927ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. 1955ರ ಕಾನೂನು ಧಾರ್ಮಿಕ ಇನಾಮುಗಳನ್ನು ರದ್ದು ಮಾಡಿತು, ಗುಡಿಗೆ ಸರ್ಕಾರ ವರ್ಷವರ್ಷ ಕೊಡುವ ಹಣ, ಅಂದರೆ ತಸ್ತೀಕು, ಉಳಿಯಿತು. ದೇವರು ಜಮೀನ್ದಾರಿಕೆ ಬಿಟ್ಟು ಸರ್ಕಾರಿ ಸಂಬಳಕ್ಕೆ ಸೇರಿದ್ದು ಹೀಗೆ! ಫ್ರಾನ್ಸ್ 1905ರಲ್ಲೇ ಪಾದ್ರಿಗಳ ಸಂಬಳ ನಿಲ್ಲಿಸಿ ಚರ್ಚಿನಿಂದ ದೂರ ಸರಿದಿತ್ತು. ನಾವು ಸರಿಯಲಿಲ್ಲ. ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಜಾತ್ಯತೀತತೆಯನ್ನು ಸಂವಿಧಾನದ ಮೂಲ ರಚನೆಯ ಭಾಗ ಎಂದಿತು; ಆಮೇಲೆಯೂ 1997ರ ಹೊಸ ಧಾರ್ಮಿಕ ದತ್ತಿ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ಈಗ ವರ್ಷದ ವರಮಾನ 25 ಲಕ್ಷ ರೂಪಾಯಿ ದಾಟಿದ ಗುಡಿ ‘ಎ’ ದರ್ಜೆ, 5 ಲಕ್ಷದೊಳಗಿನದು ‘ಸಿ’.

ಸರ್ಕಾರ ಹೀಗೆ ಗುಡಿಯ ಲೆಕ್ಕ ನೋಡುವುದರಲ್ಲಿ ನನಗೆ ತಕರಾರಿಲ್ಲ. ದುಡ್ಡು ಬಿದ್ದ ಕಡೆ ಯಾರಾದರೂ ಲೆಕ್ಕ ಕೇಳಲೇಬೇಕು. ಹುಂಡಿಯ ಲೆಕ್ಕ ಸರ್ಕಾರ ನೋಡಲಿ. ನೋಡಿದ್ದನ್ನು ಗುಡಿಯ ಗೋಡೆಗೂ ಅಂಟಿಸಲಿ.