‘ಕ್ಷೇತ್ರ’ ಎಂಬ ಶಬ್ದ

ನಮ್ಮ ಊರ್ಡಿಗೆರೆಯಲ್ಲಿ ಕ್ಷೇತ್ರವೆಲ್ಲಿ ಎಂದು ಕೇಳಿದರೆ ಜನ ದೇವರಾಯನದುರ್ಗದ ಬೆಟ್ಟದತ್ತ ಕೈ ತೋರುತ್ತಾರೆ. ಅಲ್ಲಿ ನರಸಿಂಹಸ್ವಾಮಿಯ ಸನ್ನಿಧಿಯಿದೆ. ಹೊಲಕ್ಕೆ ಅವರು ಹೊಲವೆಂದೇ ಅನ್ನುವರು. ಆದರೆ ಸಂಸ್ಕೃತದಲ್ಲಿ ಕ್ಷೇತ್ರವೆಂದರೆ ಮೊದಲಿಗೆ ಉಳುವ ನೆಲವೇ.

ನೆಲವನ್ನು ಅಳೆಯಬೇಕಾದ್ದರಿಂದ ಈ ಶಬ್ದ ಗಣಿತಕ್ಕೆ ಬಂದಿತು. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ತ್ರಿಭುಜ, ವೃತ್ತ ಮೊದಲಾದ ಆಕೃತಿಗಳನ್ನೆಲ್ಲ ಕ್ಷೇತ್ರಗಳೆಂದೇ ವಿವರಿಸಿದನು. 12ನೆಯ ಶತಮಾನದ ರಾಜಾದಿತ್ಯನು ‘ಕ್ಷೇತ್ರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಹೊಲದ ಬದು ಇಲ್ಲಿ ರೇಖೆಯಾಯಿತು, ಅಷ್ಟೆ.

1845ರಲ್ಲಿ ಇಂಗ್ಲೆಂಡಿನ ಮೈಕಲ್ ಫ್ಯಾರಡೆ ಅಯಸ್ಕಾಂತದ ಪ್ರಭಾವವಿರುವ ಪ್ರದೇಶವನ್ನು ‘ಫೀಲ್ಡ್’ ಎಂದು ಕರೆದನು. ಅದೂ ಹೊಲವೇ. ನಮ್ಮ ಪಠ್ಯಗಳು ಅದನ್ನು ಕಾಂತಕ್ಷೇತ್ರವೆಂದವು. ಆದರೆ ಈ ಹೊಲಕ್ಕೆ ಬದುವಿಲ್ಲ. ಇದರ ಬಿಂದು ಬಿಂದುವಿಗೂ ಬಲದ ಒಂದು ಅಳತೆ, ಒಂದು ದಿಕ್ಕು ಇರುತ್ತದೆ. ದೂರ ಸರಿದಂತೆ ಬಲ ಕುಗ್ಗುತ್ತದೆ. ಕ್ಷೇತ್ರಗಣಿತವನ್ನು ಕಲಿತು ಬಂದ ವಿದ್ಯಾರ್ಥಿ ಇಲ್ಲಿಯೂ ಗೆರೆಯನ್ನು ಹುಡುಕಿ ಸೋತರೆ ದೋಷ ಅವನದಲ್ಲ.

ಬೀಜಗಣಿತದ ಕ್ಷೇತ್ರಕ್ಕಾದರೋ ಬದು ಬಹಳ ಬಿಗಿ. ಕೂಡಿದರೂ ಕಳೆದರೂ ಗುಣಿಸಿದರೂ, ಸೊನ್ನೆಯೊಂದನ್ನುಳಿದು ಯಾವುದರಿಂದ ಭಾಗಿಸಿದರೂ, ಉತ್ತರ ಹೊರಗೆ ಹೋಗದಂಥ ಸಂಖ್ಯಾಸಮೂಹವದು. ಪೂರ್ಣಾಂಕಗಳಿಗೆ ಈ ಗುಣವಿಲ್ಲ. ಒಂದನ್ನು ಎರಡರಿಂದ ಭಾಗಿಸಿದೊಡನೆ ಬದು ದಾಟಿಬಿಡುತ್ತೇವೆ. ಜರ್ಮನಿಯ ಡೆಡೆಕಿಂಡ್ 1871ರಲ್ಲಿ ಇದಕ್ಕಿಟ್ಟ ಹೆಸರಿನ ಅರ್ಥ ‘ಶರೀರ’. 1893ರಲ್ಲಿ ಅಮೆರಿಕದ ಇ. ಎಚ್. ಮೂರ್ ಅದನ್ನು ‘ಫೀಲ್ಡ್’ ಎಂದನು. ಭಗವದ್ಗೀತೆಯೂ ಶರೀರವನ್ನು ಕ್ಷೇತ್ರವೆಂದಿರುವುದು ಕೇವಲ ಕಾಕತಾಳೀಯ, ಆದರೂ ಸೊಗಸಾದದ್ದು.

ಇನ್ನು ಗಣಕಯಂತ್ರದ ‘ಫೀಲ್ಡ್’. ಅದು ದಾಖಲೆಯೊಳಗಿನ ಒಂದು ಮನೆ: ಹೆಸರಿಗೊಂದು, ಸರ್ವೆ ನಂಬರಿಗೊಂದು, ವಿಸ್ತೀರ್ಣಕ್ಕೊಂದು. 2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಹೊಲಗಳೇ ಈ ಪುಟ್ಟ ಮನೆಗಳೊಳಗೆ ಬಂದು ಕುಳಿತವು. ನಮ್ಮ ಹೊಲದ ಪಹಣಿಯಲ್ಲಿ ತಂದೆಯವರ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಹೊಲ ಇದ್ದಲ್ಲೇ ಇತ್ತು, ಬದುವೂ ಕದಲಿರಲಿಲ್ಲ. ಆದರೂ ಅದು ನಮ್ಮದೆಂದು ತೋರಿಸಲು ತಿಂಗಳುಗಟ್ಟಲೆ ಅಲೆದೆವು. ಯಂತ್ರದ ಕ್ಷೇತ್ರದಲ್ಲಿ ತಪ್ಪಿದ ಅಕ್ಷರ ನೆಲದ ಕ್ಷೇತ್ರವನ್ನೇ ಕೈತಪ್ಪಿಸಬಲ್ಲದೆಂದು ಆಗ ತಿಳಿಯಿತು.

ಹಾಗಾದರೆ ಒಂದೊಂದು ಅರ್ಥಕ್ಕೂ ಹೊಸ ಶಬ್ದವನ್ನು ಟಂಕಿಸಬೇಕೆ? ಬೇಡವೆಂದೇ ನನ್ನ ಎಣಿಕೆ. ಒಂದೇ ಶಬ್ದ ಹಲವು ಶಾಸ್ತ್ರಗಳಿಗೆ ದುಡಿಯುವುದು ಭಾಷೆಯ ಬಡತನವಲ್ಲ. ಆದರೆ ಬರೆಯುವವರೂ ಪಾಠ ಹೇಳುವವರೂ ತಾವು ನಿಂತಿರುವುದು ಯಾವ ಕ್ಷೇತ್ರದಲ್ಲೆಂದು ಮೊದಲೇ ತಿಳಿಸಬೇಕು. ಹೊಲಕ್ಕಿರುವಂತೆ ಶಬ್ದಕ್ಕೂ ಸರ್ವೆ ನಂಬರು ಬೇಕು.